ಎರಡು ದೋಣಿಯ ಗಾದೆ ಇಲ್ಲಿ ಸಲ್ಲದು

"ಎರಡು ದೋಣಿ ಮೇಲೆ ಕಾಲಿಡಬೇಡಿ ಸಾರ್. ಒಂದೇ ಓಎಸ್ ಇಟ್ಕೊಳ್ಳಿ, ತಲೆನೋವಿರಲ್ಲ."

ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಈ ಬುದ್ಧಿಮಾತನ್ನು ನಾನು ಮೊದಲು ಕೇಳಿ ಹದಿನೈದು ವರ್ಷವಾದರೂ ಆಗಿರಬೇಕು. ಆಮೇಲೆ ಅದನ್ನೇ ಎಷ್ಟೋ ಬಾಯಲ್ಲಿ ಕೇಳಿದೆ. ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ಹೇಳಿದರು, ಸಾಫ್ಟ್‌ವೇರ್ ಕಂಪನಿಯಲ್ಲಿರುವ ನೆಂಟರ ಹುಡುಗರೂ ಹೇಳಿದರು. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಹಾಕಿಸಿ, ಆನ್ ಮಾಡಿದಾಗ ಬೇಕಾದ್ದನ್ನು ಆರಿಸಿಕೊಳ್ಳುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಅದರಿಂದ ಯಂತ್ರ ಕೆಡುತ್ತದೆ, ಅದು ಹಳೆಯ ಕಾಲದ ಹುಚ್ಚು, ತಿಳಿದವರೆಲ್ಲ ಅದನ್ನು ಬಿಟ್ಟಾಯಿತು ಎಂಬುದು ಈಗ ಯಾರೂ ಪ್ರಶ್ನಿಸದ ತೀರ್ಮಾನ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇದರ ಹಿಂದಿನ ಕಾರಣಗಳು ಪೊಳ್ಳು. ಇದರಿಂದ ಆಗಿರುವ ನಷ್ಟ ದೊಡ್ಡದು.

ಮೊದಲು ಆ ಗಾದೆಯನ್ನೇ ನೋಡೋಣ. ಎರಡು ದೋಣಿಗೆ ಒಂದೊಂದು ಕಾಲಿಟ್ಟವನು ನೀರಿಗೆ ಬೀಳುವುದು ಎರಡೂ ಒಟ್ಟಿಗೇ ತೇಲುತ್ತಿರುವುದರಿಂದ. ಡ್ಯುಯಲ್ ಬೂಟಿನಲ್ಲಿ ಎರಡೂ ಒಟ್ಟಿಗೆ ನಡೆಯುವುದೇ ಇಲ್ಲ. ಯಾವುದನ್ನು ಆರಿಸಿದಿರೋ ಅದಕ್ಕೆ ಇಡೀ ಪ್ರೊಸೆಸರ್, ಇಡೀ ರ‍್ಯಾಮ್, ಇಡೀ ಗ್ರಾಫಿಕ್ಸ್ ಕಾರ್ಡು. ಇನ್ನೊಂದು ದಡಕ್ಕೆ ಕಟ್ಟಿಹಾಕಿದ ದೋಣಿ; ಡಿಸ್ಕಿನ ತನ್ನ ಪಾಲಿನಲ್ಲಿ ಅಲುಗಾಡದೆ ಬಿದ್ದಿರುತ್ತದೆ. ಡಿಸ್ಕನ್ನು ಪಾಲು ಮಾಡುವುದಂತೂ ನಮಗೆ ಹೊಸದೇ ಅಲ್ಲ. ವಿಂಡೋಸ್ ಸಿ ಡ್ರೈವಿನಲ್ಲಿ, ಮದುವೆಯ ಫೋಟೋ ಮತ್ತು ಸಿನಿಮಾ ಡಿ ಡ್ರೈವಿನಲ್ಲಿ ಎಂದು ನಮ್ಮ ಅಂಗಡಿಗಳೇ ವರ್ಷಾನುಗಟ್ಟಲೆ ಮಾಡಿಕೊಟ್ಟಿವೆ. ಡಿ ಡ್ರೈವಿನ ಪಕ್ಕದಲ್ಲಿ ಮತ್ತೊಂದು ಪಾಲು ಮಾಡಿ ಅಲ್ಲಿ ಇನ್ನೊಂದು ವ್ಯವಸ್ಥೆಯನ್ನು ಕೂರಿಸಿದರೆ ಮಾತ್ರ ಯಂತ್ರ ಹೇಗೆ ಕೆಟ್ಟೀತು?

ಈ ಪಾಲು ಮಾಡುವ ಏರ್ಪಾಟು ಯಾಕೆ ಬಂತು ಎಂಬುದನ್ನು ನೆನಪಿಸಬೇಕು. 1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಅದಕ್ಕೆ ಮೂರು ಕಾರ್ಯಾಚರಣ ವ್ಯವಸ್ಥೆಗಳನ್ನು ಹೆಸರಿಸಿತ್ತು: ಪಿಸಿ ಡಾಸ್, ಸಿಪಿ/ಎಂ-86 ಮತ್ತು ಯುಸಿಎಸ್‌ಡಿ ಪಿ-ಸಿಸ್ಟಮ್. ಕೊಳ್ಳುವವನು ತನಗೆ ಬೇಕಾದ್ದನ್ನು ಆರಿಸಿ ದುಡ್ಡು ಕೊಡಬೇಕಿತ್ತು. ಡಾಸಿಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್ ಇದ್ದದ್ದರಿಂದ ಜನ ಯಾವುದನ್ನು ಆರಿಸಿದರು ಎಂದು ವಿವರಿಸಬೇಕಿಲ್ಲ. ಆದರೆ ಯಂತ್ರ ಬೇರೆ, ವ್ಯವಸ್ಥೆ ಬೇರೆ ಎಂಬ ತಿಳಿವಳಿಕೆ ಅಂದು ಎಲ್ಲರಿಗೂ ಇತ್ತು. 1983ರಲ್ಲಿ ಹಾರ್ಡ್ ಡಿಸ್ಕ್ ಇರುವ ಪಿಸಿ ಎಕ್ಸ್‌ಟಿ ಬಂತು, ಜೊತೆಗೆ ಡಾಸ್ 2.0 ಬಂತು. ಡಿಸ್ಕಿನ ಗಾತ್ರ 10 ಎಂಬಿ. ಅಷ್ಟು ಪುಟ್ಟ ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟುಗಳನ್ನು ಮೀಸಲಿಟ್ಟು, ನಾಲ್ಕು ಪಾಲುಗಳ ಪಟ್ಟಿಯೊಂದನ್ನು ಬರೆದರು. ಯಾವ ಪಾಲಿನಿಂದ ಯಂತ್ರ ಏಳಬೇಕು ಎಂದು ಸೂಚಿಸುವ ಗುರುತೂ ಅದರಲ್ಲಿತ್ತು. ಬೇರೆ ಬೇರೆ ವ್ಯವಸ್ಥೆಗಳು ಒಂದೇ ಡಿಸ್ಕನ್ನು ಹಂಚಿಕೊಳ್ಳಲಿ ಎಂದೇ ಮಾಡಿದ ಏರ್ಪಾಟು ಇದು. ಪರ್ಸನಲ್ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹುಟ್ಟುವಾಗಲೇ ಒಂದಕ್ಕಿಂತ ಹೆಚ್ಚು ಒಕ್ಕಲಿಗೆ ಜಾಗ ಬಿಟ್ಟುಕೊಂಡು ಹುಟ್ಟಿತು.

ಹಾಗಿದ್ದರೆ ಒಂದು ಯಂತ್ರಕ್ಕೆ ಒಂದೇ ವ್ಯವಸ್ಥೆ ಎಂಬ ನಂಬಿಕೆ ಎಲ್ಲಿಂದ ಬಂತು? ಕರಾರು ಪತ್ರಗಳಿಂದ. ಕಂಪ್ಯೂಟರ್ ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಳ್ಳುತ್ತಿದ್ದ ಒಪ್ಪಂದಗಳಲ್ಲಿ ಒಂದು ಬಗೆ ಹೀಗಿತ್ತು: ತಯಾರಕ ಸಾಗಿಸಿದ ಪ್ರತಿ ಯಂತ್ರಕ್ಕೂ, ಅದರಲ್ಲಿ ಮೈಕ್ರೋಸಾಫ್ಟಿನ ವ್ಯವಸ್ಥೆ ಇರಲಿ ಬಿಡಲಿ, ಶುಲ್ಕ ಕಟ್ಟಬೇಕು. ಇನ್ನೊಬ್ಬರ ವ್ಯವಸ್ಥೆ ಹಾಕಿದರೆ ಎರಡು ಸಲ ದುಡ್ಡು ತೆರಬೇಕಾಗುತ್ತಿತ್ತು. ಅಮೆರಿಕದ ನ್ಯಾಯ ಇಲಾಖೆಯ ಜೊತೆ 1994ರಲ್ಲಿ ಆದ ಒಡಂಬಡಿಕೆ ಈ ಪದ್ಧತಿಗೆ ತಡೆ ಹಾಕಿತು. ಅಷ್ಟು ಹೊತ್ತಿಗೆ ಅಂಗಡಿಗಳ ಕಪಾಟು ಒಂದೇ ಬಣ್ಣಕ್ಕೆ ತಿರುಗಿಯಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಬಿಓಎಸ್ ಎಂಬ ವ್ಯವಸ್ಥೆಯ ಕಥೆ. ಆಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ ಕಟ್ಟಿದ ಬಿ ಎಂಬ ಸಣ್ಣ ಸಂಸ್ಥೆ ಇದನ್ನು ರೂಪಿಸಿತು. ವಿಂಡೋಸನ್ನು ಹೊರಗಟ್ಟಿ ನಾವು ಕೂರುತ್ತೇವೆ ಎಂದು ಅವರು ಹೊರಡಲಿಲ್ಲ. ವಿಂಡೋಸ್ ಇದ್ದ ಯಂತ್ರದಲ್ಲೇ ಪಕ್ಕದ ಪಾಲಿನಲ್ಲಿ ಇರುತ್ತೇವೆ, ಧ್ವನಿ ಮತ್ತು ವಿಡಿಯೋ ಕೆಲಸಕ್ಕೆ ನಮ್ಮನ್ನು ಆರಿಸಿಕೊಳ್ಳಿ ಎಂದರು. ಹಿಟಾಚಿ ಸಂಸ್ಥೆ ಒಪ್ಪಿ, ಎರಡೂ ವ್ಯವಸ್ಥೆಗಳಿದ್ದ ಯಂತ್ರವನ್ನು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಡಿಸ್ಕಿನಲ್ಲಿ ಬಿಓಎಸ್ ಇತ್ತು. ಆನ್ ಮಾಡಿದಾಗ ಆಯ್ಕೆ ಕೇಳುವ ಪರದೆ ಮಾತ್ರ ಇರಲಿಲ್ಲ. ಕೊಂಡವನ ಕಣ್ಣಿಗೆ ಅದು ಬೀಳುವ ದಾರಿಯೇ ಇಲ್ಲದಂತೆ ಅಡಗಿಕೊಂಡಿತ್ತು. ಮೈಕ್ರೋಸಾಫ್ಟಿನ ಕರಾರುಗಳೇ ತಯಾರಕರ ಕೈ ಕಟ್ಟಿದ್ದವು ಎಂದು ಬಿ ಸಂಸ್ಥೆ ಆರೋಪಿಸಿತು. 2001ರಲ್ಲಿ ಅದು ತನ್ನ ಆಸ್ತಿಯನ್ನು 1.1 ಕೋಟಿ ಡಾಲರಿಗೆ ಪಾಮ್ ಸಂಸ್ಥೆಗೆ ಮಾರಿತು, 2002ರಲ್ಲಿ ಮೊಕದ್ದಮೆ ಹೂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಮಾರುಕಟ್ಟೆಯಲ್ಲಿ ಬಿಓಎಸ್ ಉಳಿದಿರಲಿಲ್ಲ. ಮೈಕ್ರೋಸಾಫ್ಟ್ ವಿರುದ್ಧ ಅಮೆರಿಕ ಸರ್ಕಾರ ಹೂಡಿದ್ದ ದೊಡ್ಡ ಮೊಕದ್ದಮೆಯ ಅಂತಿಮ ತೀರ್ಪು 2002ರ ನವೆಂಬರಿನಲ್ಲಿ ಬಂದಾಗ ಅದರಲ್ಲಿ ಒಂದು ಕಲಮು ಸೇರಿತ್ತು: ವಿಂಡೋಸ್ ಏಳುವ ಮೊದಲೇ ಬೇರೊಂದು ವ್ಯವಸ್ಥೆಯನ್ನು ಆರಿಸಿಕೊಳ್ಳುವ ಅವಕಾಶವನ್ನು ತಯಾರಕರು ಬಳಕೆದಾರರಿಗೆ ಕೊಟ್ಟರೆ ಮೈಕ್ರೋಸಾಫ್ಟ್ ಅದಕ್ಕೆ ಅಡ್ಡಿ ಮಾಡಬಾರದು. ನ್ಯಾಯಾಲಯವೊಂದು ಕೂತು ಹೀಗೆ ಬರೆಯಬೇಕಾಯಿತು ಎಂದರೆ, ಆನ್ ಮಾಡಿದ ಮೇಲಿನ ಆ ಕೆಲವು ಸೆಕೆಂಡುಗಳ ಬೆಲೆ ಎಷ್ಟೆಂದು ಊಹಿಸಬಹುದು. ಒಂದೇ ವ್ಯವಸ್ಥೆ ಸಾಕು ಎನ್ನುವವರು ಇದನ್ನು ತಂತ್ರಜ್ಞಾನದ ನಿಯಮ ಎಂದುಕೊಂಡಿದ್ದಾರೆ. ಇದು ವ್ಯಾಪಾರದ ಕರಾರು ನಮ್ಮ ತಲೆಯಲ್ಲಿ ಬಿಟ್ಟುಹೋದ ಅಚ್ಚು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1991ರ ಆರಂಭದಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 386 ಯಂತ್ರವೊಂದನ್ನು ಕೊಂಡ. ಅದರಲ್ಲಿ ಡಾಸ್ ಇತ್ತು. ಜೊತೆಗೆ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ತರಿಸಿ ಹಾಕಿಕೊಂಡ. ಮಿನಿಕ್ಸಿನಲ್ಲಿ ಕೂತು ಬರೆದದ್ದೇ ಲಿನಕ್ಸ್. ಅದರ ಮೊದಲ ಆವೃತ್ತಿಯನ್ನು ಕಂಪೈಲ್ ಮಾಡಲು ಮಿನಿಕ್ಸ್ ಬೇಕೇ ಬೇಕಿತ್ತು. ಒಂದು ದಿನ ಮಾಡೆಮಿಗೆ ಹೋಗಬೇಕಿದ್ದ ಡಯಲ್ ಆದೇಶವನ್ನು ಕೈತಪ್ಪಿ ಮಿನಿಕ್ಸ್ ಇದ್ದ ಡಿಸ್ಕಿನ ಪಾಲಿಗೇ ಕಳಿಸಿ ಅದನ್ನು ಅಳಿಸಿಕೊಂಡ. ಅಲ್ಲಿಂದ ಪೂರ್ತಿಯಾಗಿ ಲಿನಕ್ಸಿಗೇ ಬಂದುಬಿಟ್ಟ. ಇಂದು ನಮ್ಮ ಬ್ಯಾಂಕುಗಳ ಸರ್ವರಿನಿಂದ ಕಿಸೆಯ ಆಂಡ್ರಾಯ್ಡ್ ಫೋನಿನ ತನಕ ನಡೆಸುತ್ತಿರುವ ವ್ಯವಸ್ಥೆ ಹುಟ್ಟಿದ್ದು ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳಿದ್ದ ಒಂದು ಮನೆಯ ಯಂತ್ರದಲ್ಲಿ. ಆ ಹುಡುಗನಿಗೂ ಯಾರಾದರೂ ಎರಡು ದೋಣಿಯ ಗಾದೆ ಹೇಳಿ, ಅವನು ಕೇಳಿಬಿಟ್ಟಿದ್ದರೆ?

ಈಗ ತೊಂದರೆಗಳ ಮಾತಿಗೆ ಬರುತ್ತೇನೆ, ಯಾಕೆಂದರೆ ತೊಂದರೆಗಳು ನಿಜ. ಅವನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಕಿಲ್ಲ. ಹಳೆಯ ಪದ್ಧತಿಯಲ್ಲಿ ಎಲ್ಲ ವ್ಯವಸ್ಥೆಗಳೂ ಡಿಸ್ಕಿನ ಮೊದಲ 512 ಬೈಟುಗಳಿಗಾಗಿ ಗುದ್ದಾಡುತ್ತಿದ್ದವು. ವಿಂಡೋಸನ್ನು ಮತ್ತೆ ಹಾಕಿಸಿದರೆ ಅದು ಆ ಜಾಗವನ್ನು ತನ್ನದಾಗಿಸಿಕೊಳ್ಳುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲೇ ಇದ್ದರೂ ಕಾಣದಂತಾಗುತ್ತಿತ್ತು. ಜನ "ಹೋಯ್ತು" ಎಂದು ಕೈಬಿಡುತ್ತಿದ್ದರು. ಇವತ್ತಿನ ಭಯದ ಬೇರು ಅಲ್ಲಿದೆ. ಆದರೆ ಯಂತ್ರವನ್ನು ಎಬ್ಬಿಸುವ ಹಳೆಯ ಬಯಾಸ್ ಹೋಗಿ ಯುಇಎಫ್ಐ ಬಂದ ಮೇಲೆ ಪ್ರತಿ ವ್ಯವಸ್ಥೆಗೂ ಬೂಟ್ ಪಾಲಿನಲ್ಲಿ ಅದರದ್ದೇ ಫೋಲ್ಡರ್ ಇರುತ್ತದೆ, ಯಾವುದು ಮೊದಲು ಏಳಬೇಕು ಎಂಬ ಸರದಿಯ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲೇ ಇರುತ್ತದೆ. ನಾಲ್ಕು ಪಾಲಿನ ಮಿತಿ ಹೋಗಿ 128 ಪಾಲುಗಳಿಗೆ ಜಾಗವಾಗಿದೆ. ಹಳೆಯ ಕಾಲದ್ದು ಎಂದು ತಳ್ಳಿಹಾಕುವ ಕೆಲಸಕ್ಕೆ ಹೊಸ ಯಂತ್ರಗಳೇ ಹೆಚ್ಚು ಅನುಕೂಲ ಮಾಡಿಕೊಟ್ಟಿವೆ.

ಉಳಿದ ತೊಂದರೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಅವು ಹುಟ್ಟುವುದು ಎರಡು ಒಕ್ಕಲು ಇರುವುದರಿಂದಲ್ಲ ಎಂದು ತಿಳಿಯುತ್ತದೆ. ಒಂದು ಒಕ್ಕಲು ಇಡೀ ಮನೆ ತನ್ನದೇ ಎಂದು ನಡೆದುಕೊಳ್ಳುವುದರಿಂದ ಅವು ಹುಟ್ಟುತ್ತವೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂತು. ನೀವು ಶಟ್ ಡೌನ್ ಒತ್ತಿದರೂ ಅದು ಪೂರ್ತಿ ಆರುವುದಿಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗಿರುತ್ತದೆ, ತನ್ನ ಪಾಲಿಗೆ ಬೀಗ ಹಾಕಿಟ್ಟಿರುತ್ತದೆ. ಪಕ್ಕದ ಲಿನಕ್ಸಿನಿಂದ ಆ ಪಾಲಿಗೆ ಬಲವಂತವಾಗಿ ಬರೆದರೆ ಫೈಲು ಕೆಡುತ್ತದೆ. ಸೆಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಈ ರಗಳೆ ಮುಗಿಯಿತು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಶುರುವಾಗಿರುತ್ತದೆ. ಬೂಟಿನ ಸರದಿ ಬದಲಾದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಎಲ್ಲಿದೆ ಎಂದು ಕೊಂಡವನಿಗೆ ಯಾರೂ ಹೇಳಿರುವುದಿಲ್ಲ. ಡ್ಯುಯಲ್ ಬೂಟ್ ಮಾಡಲಿ ಬಿಡಲಿ, ಆ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕಾದ್ದು ಪ್ರತಿಯೊಬ್ಬರ ಕೆಲಸ.

ಗಡಿಯಾರದ ವಿಷಯ ಕೇಳಿ. ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರವಿದೆ. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯವಿದೆ ಎಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯವಿದೆ ಎಂದು ಓದುತ್ತದೆ. ಭಾರತದಲ್ಲಿ ಇವೆರಡರ ಅಂತರ ಐದೂವರೆ ಗಂಟೆ. ಲಿನಕ್ಸ್ ಬಳಸಿ ಆರಿಸಿ, ಬೆಳಿಗ್ಗೆ ಹತ್ತೂವರೆಗೆ ವಿಂಡೋಸ್ ತೆರೆದರೆ ಗಡಿಯಾರ ಐದು ಗಂಟೆ ತೋರಿಸುತ್ತದೆ. ನನ್ನ ಯಂತ್ರಕ್ಕೆ ಇದೇ ಆದಾಗ ಅಂಗಡಿಯೊಂದರಲ್ಲಿ ಬ್ಯಾಟರಿ ಹೋಗಿದೆ ಎಂದು ಎರಡು ಸಲ ಬದಲಾಯಿಸಿಕೊಟ್ಟರು. ಎರಡನೆಯ ಸಲ, ಡ್ಯುಯಲ್ ಬೂಟ್ ಮಾಡಿದ್ದಕ್ಕೇ ಬೋರ್ಡ್ ಕೆಡುತ್ತಿದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯೇ ಯಾಕಿದೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಲಿನಕ್ಸಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಡ್ಯುಯಲ್ ಬೂಟಿನ ಮೇಲೆ ಹೊರಿಸಿದ ಅಪವಾದಗಳಲ್ಲಿ ಹೆಚ್ಚಿನವು ಈ ಜಾತಿಯವು.

2024ರ ಆಗಸ್ಟಿನ ಘಟನೆಯನ್ನು ಎದುರಾಳಿಗಳು ಈಗಲೂ ಎತ್ತಿ ತೋರಿಸುತ್ತಾರೆ. ಆ ತಿಂಗಳ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ, ಭದ್ರತಾ ನಿಯಮ ಮೀರಲಾಗಿದೆ ಎಂಬ ಸಂದೇಶ ಬಂದು ಯಂತ್ರ ಆರಿಹೋಗುತ್ತಿತ್ತು. ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್‌ನಲ್ಲಿ 2022ರಲ್ಲಿ ಕಂಡಿದ್ದ ಒಂದು ತೂತನ್ನು ಮುಚ್ಚಲು, ಹಳೆಯ ಆವೃತ್ತಿಗಳನ್ನು ತಡೆಯುವುದು ಆ ಅಪ್‌ಡೇಟಿನ ಉದ್ದೇಶ. ತೂತು ನಿಜವಾದದ್ದು; ಅದನ್ನು ಮುಚ್ಚದೆ ಬಿಟ್ಟ ಲಿನಕ್ಸ್ ವಿತರಣೆಗಳದ್ದೂ ತಪ್ಪಿದೆ. ಆದರೆ ಎರಡು ವ್ಯವಸ್ಥೆ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿತ್ತು. ಅವುಗಳನ್ನು ಗುರುತಿಸುವ ಅದರ ಲೆಕ್ಕ ತಪ್ಪಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳಿನಲ್ಲಿ. ಪಕ್ಕದ ಮನೆಯವನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿಮ್ಮ ಬಾಗಿಲಿನ ಬೀಗ ಬದಲಾಯಿಸಿ ಹೋದರೆ, ನೀವು ಅಲ್ಲಿ ಮನೆ ಮಾಡಿದ್ದೇ ತಪ್ಪು ಎನ್ನುವುದು ಯಾವ ಊರಿನ ನ್ಯಾಯ?

ಇನ್ನು ಎಲ್ಲಕ್ಕಿಂತ ಬಲವಾಗಿ ಕೇಳುವ ವಾದ: ಈಗ ವರ್ಚುವಲ್ ಮೆಷಿನ್ ಇದೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದು, ರೀಸ್ಟಾರ್ಟ್ ಮಾಡುವ ಕಷ್ಟ ಯಾಕೆ? ವರ್ಚುವಲ್ ಮೆಷಿನ್ ಬಗ್ಗೆ ನನಗೆ ಗೌರವವಿದೆ. ಐಬಿಎಂ 1967ರ ಸುಮಾರಿಗೇ ದೊಡ್ಡ ಯಂತ್ರಗಳಲ್ಲಿ ಇದನ್ನು ಸಾಧಿಸಿತ್ತು. 1999ರಲ್ಲಿ ವಿಎಂವೇರ್ ಅದನ್ನು ನಮ್ಮ ಮೇಜಿನ ಯಂತ್ರಕ್ಕೆ ತಂದಿತು, 2005ರಿಂದ ಪ್ರೊಸೆಸರುಗಳೇ ಅದಕ್ಕೆ ನೆರವಾಗತೊಡಗಿದವು. ಒಂದು ಪ್ರೋಗ್ರಾಮನ್ನು ಪರೀಕ್ಷಿಸಲು, ಅರ್ಧ ದಿನದ ಕೆಲಸಕ್ಕೆ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಎರಡು ದೋಣಿಯ ಗಾದೆ ಯಾವುದಕ್ಕಾದರೂ ಸಲ್ಲುವುದಿದ್ದರೆ ಇದಕ್ಕೇ ಸಲ್ಲುತ್ತದೆ. ಎರಡು ವ್ಯವಸ್ಥೆಗಳು ಒಂದೇ ಹೊತ್ತಿನಲ್ಲಿ ಒಂದೇ ರ‍್ಯಾಮನ್ನು ತಿನ್ನುವುದು ಇಲ್ಲಿ. ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ, ಅವಳ ಲ್ಯಾಪ್‌ಟಾಪಿನಲ್ಲಿರುವುದು 8 ಜಿಬಿ. ಕಾಲೇಜಿನಲ್ಲಿ ಹೇಳಿದಂತೆ ವರ್ಚುವಲ್ ಮೆಷಿನ್ ಹಾಕಿ ಅದಕ್ಕೆ 4 ಜಿಬಿ ಕೊಟ್ಟಳು. ಉಳಿದ 4ರಲ್ಲಿ ವಿಂಡೋಸ್, ಬ್ರೌಸರು, ಆಂಟಿವೈರಸ್ಸು ಒದ್ದಾಡಿದವು. ಒಂದು ಸೆಮಿಸ್ಟರ್ ಪೂರ್ತಿ ಲಿನಕ್ಸ್ ಎಂದರೆ ನಿಧಾನ ಎಂದೇ ಅವಳು ನಂಬಿದ್ದಳು. ದಸರಾ ರಜೆಯಲ್ಲಿ ಬ್ಯಾಕಪ್ ತೆಗೆದು 60 ಜಿಬಿ ಪಾಲು ಮಾಡಿ ನೇರವಾಗಿ ಹಾಕಿಕೊಟ್ಟೆ. "ಮಾಮ, ಇದು ಅದೇ ಲ್ಯಾಪ್‌ಟಾಪಾ?" ಎಂದಳು. ಅದೇ ಲ್ಯಾಪ್‌ಟಾಪು, ಈ ಸಲ ಪೂರ್ತಿಯಾಗಿ ಅವಳ ಕೈಗೆ ಬಂದಿತ್ತು.

ವೇಗಕ್ಕಿಂತ ದೊಡ್ಡ ವಿಷಯ ಯಜಮಾನಿಕೆಯದು. ವಿಂಡೋಸ್ ಒಳಗೆ ಓಡುವ ಲಿನಕ್ಸಿಗೆ ಕೊನೆಗೂ ವಿಂಡೋಸೇ ಯಜಮಾನ. 2019ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಡಬ್ಲ್ಯುಎಸ್ಎಲ್ 2 ಕೂಡ ಒಂದು ಬಗೆಯ ವರ್ಚುವಲ್ ಮೆಷಿನ್ನೇ. ವಿಂಡೋಸ್ ಏಳದ ದಿನ ಒಳಗಿನ ಲಿನಕ್ಸೂ ಏಳುವುದಿಲ್ಲ. ವಿಂಡೋಸಿಗೆ ವೈರಸ್ ಹೊಕ್ಕರೆ ಒಳಗಿನ ಲಿನಕ್ಸಿಗೂ ಕಾವಲಿಲ್ಲ. ಡ್ಯುಯಲ್ ಬೂಟಿನಲ್ಲೂ ಒಂದು ವ್ಯವಸ್ಥೆ ಇನ್ನೊಂದರ ಪಾಲನ್ನು ಮುಟ್ಟಬಹುದು ಎಂಬ ಆಕ್ಷೇಪ ಸರಿಯಾದದ್ದು. ಆದರೆ ಲಿನಕ್ಸಿನ ಪಾಲನ್ನು ಗೂಢಲಿಪಿಯಲ್ಲಿಟ್ಟರೆ ವಿಂಡೋಸಿನಿಂದ ಅದನ್ನು ಓದಲಾಗುವುದಿಲ್ಲ. ಒಂದು ಕೆಟ್ಟರೆ ಇನ್ನೊಂದರಿಂದ ಎದ್ದು ಫೈಲುಗಳನ್ನು ಉಳಿಸಿಕೊಳ್ಳಬಹುದು ಎಂಬ ಅನುಕೂಲವಂತೂ ವರ್ಚುವಲ್ ಮೆಷಿನ್ನಿನಲ್ಲಿ ಇಲ್ಲವೇ ಇಲ್ಲ.

ಈ ವಾದ ಈಗ ತುರ್ತಾಗಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಟು ಬಂದರೂ ಅದು ತಾತ್ಕಾಲಿಕ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟು ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು. ಹಾಗಾಗಿ ಚೆನ್ನಾಗಿ ಕೆಲಸ ಮಾಡುತ್ತಿರುವ ಯಂತ್ರಗಳನ್ನು ಗುಜರಿಗೆ ಹಾಕಿ ಎನ್ನುತ್ತಾರೆ ಕೆಲವರು. ವಿಂಡೋಸ್ ಪೂರ್ತಿ ತೆಗೆದು ಲಿನಕ್ಸ್ ಹಾಕಿ ಎನ್ನುತ್ತಾರೆ ಇನ್ನು ಕೆಲವರು. ಎರಡನೆಯವರ ಕಾಳಜಿ ನನಗೆ ಹತ್ತಿರದ್ದು. ಆದರೆ ಅವರು ಕನ್ನಡದ ಕೆಲಸ ಮಾಡುವವರ ಕಷ್ಟವನ್ನು ನೋಡಿಲ್ಲ.

ನನ್ನ ಹಿರಿಯ ಸ್ನೇಹಿತರೊಬ್ಬರು ಸಣ್ಣ ಊರಿನಲ್ಲಿ ಪ್ರೆಸ್ ನಡೆಸುತ್ತಾರೆ. ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಒಂದು ಮಾಸಪತ್ರಿಕೆ. ಇಪ್ಪತ್ತು ವರ್ಷಗಳ ಕೆಲಸವೆಲ್ಲ ಪುಟವಿನ್ಯಾಸದ ಪೇಜ್‌ಮೇಕರ್ 7ರಲ್ಲಿ, ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇದೆ. ಆ ಫೈಲುಗಳಲ್ಲಿ ಇರುವುದು ಯುನಿಕೋಡ್ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟಿನ ಸಂಕೇತಗಳು. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ದೊಡ್ಡ ಆವೃತ್ತಿ. ಲಿನಕ್ಸಿಗೆ ಅದು ಬರಲೇ ಇಲ್ಲ. ಅವರ ಹಳೆಯ ಯಂತ್ರವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಅಂಗಡಿಯವರು ಹೊಸ ಯಂತ್ರ ಕೊಳ್ಳಿ ಎಂದಿದ್ದರು. ಕೊಂಡರೂ ಹಳೆಯ ಫೈಲುಗಳ ಗತಿ ಏನು ಎಂದು ಹೇಳಿರಲಿಲ್ಲ.

ನಾವು ಮಾಡಿದ್ದು ಇಷ್ಟು. ವಿಂಡೋಸ್ 10ರ ಪಾಲನ್ನು ಇದ್ದಂತೆಯೇ ಬಿಟ್ಟು ಅದರ ಇಂಟರ್ನೆಟ್ ಸಂಪರ್ಕ ತೆಗೆದೆವು. ಪಕ್ಕದ ಪಾಲಿನಲ್ಲಿ ಲಿನಕ್ಸ್ ಹಾಕಿದೆವು. ಇಮೇಲ್, ಬ್ಯಾಂಕು, ಗಿರಾಕಿಗಳು ಕಳಿಸುವ ಪಿಡಿಎಫ್, ಹೊಸದಾಗಿ ಟೈಪ್ ಮಾಡುವ ಕನ್ನಡ, ಎಲ್ಲ ಅಲ್ಲಿ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಅವರ ಬೆರಳಿಗೆ ಒಗ್ಗಿದ್ದ ಕೀಲಿ ವಿನ್ಯಾಸವೇ ಲಿನಕ್ಸಿನಲ್ಲೂ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಯುನಿಕೋಡ್ ಅಕ್ಷರಗಳಿವೆ. ಡಿ ಡ್ರೈವನ್ನು ಎರಡೂ ವ್ಯವಸ್ಥೆಗಳು ಓದುತ್ತವೆ, ಬರೆಯುತ್ತವೆ. ಹೊಸ ಖರ್ಚು ಒಂದು ಎಸ್ಎಸ್‌ಡಿಯದ್ದು ಮಾತ್ರ. ಪೆನ್ ಡ್ರೈವಿನಿಂದ ವೈರಸ್ ಬರುವ ದಾರಿ ವಿಂಡೋಸಿನಲ್ಲಿ ಇನ್ನೂ ಇದೆ ಎಂದು ಅವರಿಗೆ ತಿಳಿಸಿದ್ದೇನೆ. ಗಿರಾಕಿಗಳ ಪೆನ್ ಡ್ರೈವನ್ನು ಅವರು ಈಗ ಲಿನಕ್ಸಿನಲ್ಲೇ ತೆರೆಯುತ್ತಾರೆ.

ಬೆಳಿಗ್ಗೆ ಶಟರ್ ಎತ್ತಿ ಅವರು ಯಂತ್ರ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು ಹತ್ತು ಸೆಕೆಂಡು ನಿಲ್ಲುತ್ತವೆ. ಯಾರಾದರೂ ಅಣ್ಣನ ಮದುವೆಯ ಹಳೆಯ ಪತ್ರಿಕೆ ಹಿಡಿದುಕೊಂಡು, ತಮ್ಮನಿಗೂ ಇದೇ ಥರ ಬೇಕು ಎಂದು ಬಂದ ದಿನ ಅವರು ಕೆಳಗಿನ ಸಾಲಿಗೆ ಇಳಿದು ಎಂಟರ್ ಒತ್ತುತ್ತಾರೆ. ಉಳಿದ ದಿನ ಏನನ್ನೂ ಒತ್ತದೆ, ಹಿಂದಿನ ಸಂಜೆ ಬಂದ ಪ್ರೂಫಿನ ಕಟ್ಟು ಬಿಚ್ಚುತ್ತಾ ಕೂರುತ್ತಾರೆ.